ಮತ್ತೆ ಅಂಗಡಿ ತೆರೆಯುವವರಿಗೂ ಒಂದು ತರಬೇತಿ ಬೇಕು: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಗಾಂಧಿ ಬಜಾರ್, ದುರ್ಗಿಗುಡಿ, ನೆಹರು ರಸ್ತೆ ಕಡೆಯ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಜವಳಿ, ಬಳೆ, ಪಾತ್ರೆ, ಚಪ್ಪಲಿ, ಬೇಕರಿ, ಗ್ಯಾರೇಜು, ಹಣ್ಣಿನ ಮಂಡಿ, ಎಲ್ಲ ತರದವರೂ ನನ್ನ ಹತ್ತಿರ ಬರುತ್ತಾರೆ. ಎಲ್ಲ ಜಾತಿ, ಧರ್ಮದವರ ಲೆಕ್ಕದ ಪುಸ್ತಕಗಳೂ ನನ್ನ ಮೇಜಿನ ಮೇಲೆ ಒಂದರ ಮೇಲೊಂದು ಇರುತ್ತವೆ. ಅವುಗಳಲ್ಲಿ ಕಂಡಿದ್ದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಜಿಲ್ಲಾ ಕೈಗಾರಿಕಾ ಕೇಂದ್ರದವರು, ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಹೊಂದಿಸುವ ಲೀಡ್ ಬ್ಯಾಂಕಿನವರು, ಮಹಾನಗರ ಪಾಲಿಕೆಯವರೂ ಇದನ್ನು ಓದಲಿ.

ಕೇಳುವುದು ಇಷ್ಟೇ. ಊರಲ್ಲಿ ಕೋಮು ಗಲಾಟೆ ಆದ ಮೇಲೆ ನೀವು ಶಾಂತಿ ಸಭೆ ಕರೆಯುತ್ತೀರಿ. ಅದು ಬೇಕೇ ಬೇಕು. ಆದರೆ ಅದರ ಹಿಂದೆಯೇ ವ್ಯಾಪಾರ ಸಭೆ ಅಂತ ಇನ್ನೊಂದನ್ನು ಕರೆಯಿರಿ. ಪೆಟ್ಟು ತಿಂದ ಸಣ್ಣ ವ್ಯಾಪಾರಿಗಳನ್ನು, ಯಾವ ಬೀದಿಯವರೇ ಆಗಲಿ, ಒಂದೇ ಕೋಣೆಯಲ್ಲಿ ಕೂರಿಸಿ. ನಿಂತ ವ್ಯಾಪಾರವನ್ನು ಮತ್ತೆ ಎಬ್ಬಿಸುವುದು ಹೇಗೆ ಅಂತ ಅವರಿಗೆ ಕಲಿಸಿ. ಹೊಸದಾಗಿ ಅಂಗಡಿ ಹಾಕುವುದು ಒಂದು ವಿದ್ಯೆ. ಬಿದ್ದ ಅಂಗಡಿಯನ್ನು ಎಬ್ಬಿಸುವುದು ಬೇರೆಯೇ ವಿದ್ಯೆ. ಮೊದಲನೆಯದನ್ನು ಕಲಿಸಲು ನಮ್ಮಲ್ಲಿ ಎಷ್ಟೋ ಯೋಜನೆಗಳಿವೆ. ಎರಡನೆಯದನ್ನು ಯಾರೂ ಕಲಿಸುತ್ತಿಲ್ಲ.

ನಮ್ಮೂರಿಗೆ ಇದು ಹೊಸ ವಿಷಯ ಅಲ್ಲ ಅಲ್ವಾ? 2022ರ ಫೆಬ್ರುವರಿ 20ರ ರಾತ್ರಿ ಒಬ್ಬ ಯುವಕನ ಕೊಲೆಯಾಯಿತು. ಮರುದಿನ ಶವಯಾತ್ರೆಯ ಹೊತ್ತಿಗೆ ಕಲ್ಲು ತೂರಾಟ, ವಾಹನಗಳಿಗೆ ಬೆಂಕಿ. ಶಾಲೆ, ಕಾಲೇಜು, ಬಜಾರು ಎಲ್ಲ ಮುಚ್ಚಿದವು. ಅದೇ ವರ್ಷ ಆಗಸ್ಟ್ 15ರಂದು ಅಮೀರ್ ಅಹ್ಮದ್ ವೃತ್ತದಲ್ಲಿ ಫ್ಲೆಕ್ಸ್ ವಿಚಾರಕ್ಕೆ ಗಲಾಟೆಯಾಯಿತು, ಚಾಕು ಇರಿತವಾಯಿತು, ಮತ್ತೆ ನಿಷೇಧಾಜ್ಞೆ ಬಂತು. 2023ರ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಕಲ್ಲು ತೂರಾಟ. ಯಾರು ಶುರು ಮಾಡಿದರು, ಯಾರದು ತಪ್ಪು ಎಂಬುದನ್ನು ಪೊಲೀಸರು, ನ್ಯಾಯಾಲಯಗಳು ನೋಡಿಕೊಳ್ಳಲಿ. ನಾನು ಹೇಳಬೇಕಾಗಿರುವುದು ಶಟರ್ ಎಳೆದ ಮೇಲೆ ಒಳಗೆ ಏನಾಗುತ್ತದೆ ಎಂಬುದನ್ನು.

ಗಲಾಟೆಯ ನಷ್ಟ ಅಂದರೆ ಎಲ್ಲರ ಕಣ್ಣಿಗೆ ಬೀಳುವುದು ಒಡೆದ ಗಾಜು, ಸುಟ್ಟ ಬೈಕು. ಅದರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಪಂಚನಾಮೆಯೂ ಆಗುತ್ತದೆ. ನನ್ನ ಪುಸ್ತಕಗಳಲ್ಲಿ ಕಾಣುವ ನಷ್ಟ ಹೆಚ್ಚಿನ ಪಾಲು ಅದಲ್ಲ. ಗಾಜು ಒಡೆಯದ, ಕಲ್ಲು ಬೀಳದ ಅಂಗಡಿಗಳೂ ನೆಲ ಕಚ್ಚುತ್ತವೆ. ಹೂವಿನವರನ್ನೇ ನೋಡಿ. ಬೆಳಿಗ್ಗೆ ತಂದ ಸೇವಂತಿಗೆ, ಕನಕಾಂಬರ ಸಂಜೆಯೊಳಗೆ ಮಾರಿಹೋಗಬೇಕು. ಮಧ್ಯಾಹ್ನ ಬಂದ್ ಆದರೆ ಆ ದಿನದ ಬಂಡವಾಳ ಪೂರ್ತಿ ಚರಂಡಿಗೆ. ಬೇಕರಿಯವರದ್ದೂ ಅದೇ ಕತೆ. ಪಾತ್ರೆ ಅಂಗಡಿಯವರ ಮಾಲು ಕೆಡುವುದಿಲ್ಲ, ಆದರೆ ಬಾಡಿಗೆ, ಹುಡುಗರ ಸಂಬಳ, ಬ್ಯಾಂಕಿನ ಕಂತು ಯಾವುದೂ ನಿಲ್ಲುವುದಿಲ್ಲ.

ಇನ್ನು ಕಾಲ. ಮಲೆನಾಡಿನ ದುಡ್ಡಿಗೆ ಒಂದು ಋತು ಇದೆ. ಅಡಿಕೆ ಕೊಯ್ಲು ಮುಗಿದು, ಒಣಗಿಸಿ, ಮಂಡಿಗೆ ಹಾಕಿ ಕೈಗೆ ಹಣ ಬಂದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಮದುವೆ ಜವಳಿಗೆ ಅಂತ ಇಲ್ಲಿಗೆ ಬರುತ್ತಾರೆ. ಫೆಬ್ರುವರಿಯಲ್ಲಿ ಬಜಾರು ಮುಚ್ಚಿತು ಅಂದರೆ ಆ ವರ್ಷದ ಒಳ್ಳೆಯ ವ್ಯಾಪಾರದಲ್ಲಿ ದೊಡ್ಡ ಪಾಲು ಹೋಯಿತು ಅಂತಲೇ ಲೆಕ್ಕ. ಮದುವೆ ಮುಹೂರ್ತ ನಮ್ಮ ನಿಷೇಧಾಜ್ಞೆಗೆ ಕಾಯುವುದಿಲ್ಲ. ಆ ಮನೆಯವರು ಕಾರು ಹತ್ತಿ ದಾವಣಗೆರೆಗೆ ಹೋಗುತ್ತಾರೆ. ಒಂದು ಸಲ ಅಲ್ಲಿಯ ಅಂಗಡಿ ಹಿಡಿಸಿದರೆ ಮುಂದಿನ ಮದುವೆಗೂ ಅಲ್ಲಿಗೇ. ಹಾಗೆ ಕೈಬಿಟ್ಟ ಗಿರಾಕಿಯನ್ನು ಯಾವ ಪಂಚನಾಮೆಯಲ್ಲೂ ಬರೆಯುವುದಿಲ್ಲ.

ಈಗ ಉದ್ರಿಯ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ, ಯಾಕೆಂದರೆ ಇಡೀ ಪತ್ರದಲ್ಲಿ ಮುಖ್ಯವಾದದ್ದು ಇದೇ.

ನಮ್ಮ ಬಜಾರು ನಡೆಯುವುದು ನಗದಿನ ಮೇಲೆ ಅಲ್ಲ, ನಂಬಿಕೆಯ ಮೇಲೆ. ಬಟ್ಟೆ ಅಂಗಡಿಯವನು ಹೋಲ್‌ಸೇಲ್‌ನವನಿಂದ ತಿಂಗಳ ವಾಯಿದೆಗೆ ಮಾಲು ತರುತ್ತಾನೆ. ಸೀರೆ ಕೊಂಡವರಿಗೆ ಕುಚ್ಚು ಕಟ್ಟಿಕೊಡುವ ಹೆಣ್ಣುಮಕ್ಕಳು, ರವಿಕೆ ಹೊಲಿಯುವ ಟೈಲರ್, ಫಾಲ್ ಹಾಕುವವರು, ಎಲ್ಲರಿಗೂ ಅವನು ವಾರಕ್ಕೊಮ್ಮೆ ಲೆಕ್ಕ ಚುಕ್ತಾ ಮಾಡುತ್ತಾನೆ. ಆ ಟೈಲರ್ ಬಟನ್ನು, ದಾರ, ಲೈನಿಂಗ್ ತರುವುದು ಇನ್ನೊಬ್ಬರ ಅಂಗಡಿಯಿಂದ, ಅದೂ ಉದ್ರಿ. ಈ ಸರಪಳಿಯಲ್ಲಿ ಒಬ್ಬ ಹಿಂದೂ, ಮುಂದಿನವನು ಮುಸ್ಲಿಂ, ಅದರ ಮುಂದಿನವರು ಜೈನರು, ಕ್ರೈಸ್ತರು. ಯಾರೂ ಅದನ್ನು ನೋಡಿ ಕಟ್ಟಿದ್ದಲ್ಲ. ಯಾರ ಕೆಲಸ ಚೆನ್ನಾಗಿದೆ, ಯಾರು ಹೇಳಿದ ದಿನಕ್ಕೆ ಕೊಡುತ್ತಾರೆ ಅಂತ ನೋಡಿ, ಎಷ್ಟೋ ವರ್ಷದಿಂದ ತಾನಾಗಿ ಬೆಳೆದದ್ದು.

ಗಲಾಟೆ ಆದ ವಾರ ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚುತ್ತವೆ. ಹೋಲ್‌ಸೇಲ್‌ನವನು ಫೋನ್ ಮಾಡಿ ಹಳೆ ಬಾಕಿ ಮೊದಲು ಕೊಡಿ, ಆಮೇಲೆ ಹೊಸ ಮಾಲು ಅನ್ನುತ್ತಾನೆ. ಅವನಿಗೆ ದ್ವೇಷ ಇಲ್ಲ, ಭಯ ಇದೆ. ಈ ಅಂಗಡಿ ಉಳಿಯುತ್ತದೋ ಇಲ್ಲವೋ ಎಂಬ ಭಯ. ಅಂಗಡಿಯವನು ಆ ದುಡ್ಡು ಹೊಂದಿಸಲು ಟೈಲರ್‌ಗೆ ಕೊಡಬೇಕಾದದ್ದನ್ನು ತಡೆಹಿಡಿಯುತ್ತಾನೆ. ಟೈಲರ್ ತನ್ನ ಬಾಕಿ ಕೇಳಲು ಆ ಬೀದಿಗೆ ಬರಲು ಹೆದರುತ್ತಾನೆ. ಹಾಗೇ ಸುಮ್ನೆ ಇದ್ದುಬಿಡುತ್ತಾನೆ. ಅಂಗಡಿಯವನು ಟೈಲರ್ ಬರಲಿಲ್ಲ ಅಂತ ಬೇರೆಯವನನ್ನು ಹುಡುಕುತ್ತಾನೆ. ಎರಡು ತಿಂಗಳಲ್ಲಿ ವರ್ಷಗಟ್ಟಲೆಯ ಸಂಬಂಧ ಮುಗಿದೇ ಹೋಯಿತು. ಇಬ್ಬರಿಗೂ ಪರಸ್ಪರ ಕೋಪ ಇಲ್ಲ. ಇಬ್ಬರೂ ಮಾತಾಡಲಿಲ್ಲ, ಅಷ್ಟೇ.

ಇದರಲ್ಲಿ ಜಾಸ್ತಿ ಪೆಟ್ಟು ಬೀಳುವುದು ಕೊನೆಯ ಕೊಂಡಿಗೆ. ಮನೆಯಲ್ಲಿ ಕೂತು ಕುಚ್ಚು ಕಟ್ಟುವವರು, ಹಪ್ಪಳ, ಚಕ್ಕುಲಿ, ರೊಟ್ಟಿ ಮಾಡಿ ಕಾಂಡಿಮೆಂಟ್ಸ್ ಅಂಗಡಿಗೆ ಹಾಕುವವರು, ಅಗರಬತ್ತಿ ಹೊಸೆಯುವವರು. ಅವರ ಹೆಸರಲ್ಲಿ ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಲೈಸೆನ್ಸ್ ಇಲ್ಲ. ನಷ್ಟದ ಪಟ್ಟಿ ಮಾಡುವವರು ಅವರ ಮನೆ ಬಾಗಿಲಿಗೆ ಹೋಗುವುದೇ ಇಲ್ಲ. ಅವರ ವಾರದ ದುಡಿಮೆ ನಿಂತರೆ ಸಂಘದ ಕಂತು ನಿಲ್ಲುತ್ತದೆ. ಕಂತು ನಿಂತರೆ ಸಂಘದ ಉಳಿದ ಸದಸ್ಯರೂ ಸಿಕ್ಕಿಕೊಳ್ಳುತ್ತಾರೆ.

ಹಾಗಾದರೆ ಮತ್ತೆ ಎದ್ದು ನಿಲ್ಲುವವರು ಇಲ್ಲವೇ? ಇದ್ದಾರೆ. ನನ್ನ ಹತ್ತಿರ ಬರುವವರಲ್ಲೇ ಇದ್ದಾರೆ. ಅವರು ಮಾಡಿದ್ದನ್ನು ನೋಡಿದರೆ ಇದು ಅದೃಷ್ಟ ಅಲ್ಲ, ಕಲಿಯಬಹುದಾದ ಕೆಲಸ ಅಂತ ಗೊತ್ತಾಗುತ್ತದೆ. ಒಬ್ಬ ಪಾತ್ರೆ ವ್ಯಾಪಾರಿ ಬಂದ್ ಇದ್ದಾಗ ಮನೆಯಲ್ಲಿ ಕೂತು, ತಾನು ಕೊಡಬೇಕಾದವರ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ತಾನೇ ಮೊದಲು ಫೋನ್ ಮಾಡಿದರು. ಈ ತಿಂಗಳು ಪೂರ್ತಿ ಆಗಲ್ಲ, ಇಷ್ಟು ಕೊಡುತ್ತೇನೆ, ಉಳಿದದ್ದಕ್ಕೆ ಇಂಥ ದಿನ ಅಂತ ಹೇಳಿದರು. ಕೇಳುವ ಮೊದಲೇ ಹೇಳಿದ್ದರಿಂದ ಯಾರೂ ಮಾಲು ನಿಲ್ಲಿಸಲಿಲ್ಲ. ಒಬ್ಬ ಟೈಲರ್ ಹಳೆಯ ಗಿರಾಕಿಗಳ ಅಳತೆ ಪುಸ್ತಕ ಹಿಡಿದು ಒಬ್ಬೊಬ್ಬರಿಗೂ ಮೆಸೇಜ್ ಕಳಿಸಿದರು. ನೀವು ಬಜಾರಿಗೆ ಬರುವುದು ಬೇಡ, ಬಟ್ಟೆ ನಾನೇ ಮನೆಯಿಂದ ತಗೊಂಡು ಹೋಗುತ್ತೇನೆ ಅಂದರು. ಇಬ್ಬರೂ ಯಾವ ತರಬೇತಿಗೂ ಹೋದವರಲ್ಲ. ಆದರೆ ಅವರಂತೆ ಯೋಚಿಸುವುದು ಎಲ್ಲರಿಗೂ ಆ ಹೊತ್ತಲ್ಲಿ ಹೊಳೆಯುವುದಿಲ್ಲ. ಭಯ, ಅವಮಾನ, ಸಿಟ್ಟು ಮೂರೂ ಒಟ್ಟಿಗೆ ಇದ್ದಾಗ ತಲೆ ಓಡುವುದಿಲ್ಲ. ಆಗ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು.

ಇಂಥ ತರಬೇತಿಯಿಂದ ಏನೂ ಆಗಲ್ಲ ಅನ್ನುವವರಿಗೆ ಹೊರಗಿನ ಎರಡು ಉದಾಹರಣೆ ಹೇಳುತ್ತೇನೆ. ಆಫ್ರಿಕಾದ ಟೋಗೊ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2017ರಲ್ಲಿ ಬಂತು. ಕೆಲವರಿಗೆ ಲೆಕ್ಕ, ಮಾರ್ಕೆಟಿಂಗ್ ತರದ ಮಾಮೂಲಿ ತರಬೇತಿ. ಕೆಲವರಿಗೆ ತಾನಾಗಿ ಮುಂದೆ ಬೀಳುವುದು, ಅಡ್ಡಿ ಬಂದರೆ ದಾರಿ ಹುಡುಕುವುದು, ಮುಂದಿನದನ್ನು ಯೋಚಿಸಿ ಇಟ್ಟುಕೊಳ್ಳುವುದು, ಇಂಥದ್ದರ ತರಬೇತಿ. ಎರಡನೆಯವರ ಲಾಭ ಶೇ. 30ರಷ್ಟು ಏರಿತು. ಮಾಮೂಲಿ ತರಬೇತಿಯವರದ್ದು ಶೇ. 11ರಷ್ಟು ಮಾತ್ರ, ಅದೂ ತರಬೇತಿಯಿಂದಲೇ ಆಯಿತು ಅಂತ ಖಚಿತವಾಗಿ ಹೇಳುವಷ್ಟಿರಲಿಲ್ಲ. ಇನ್ನೊಂದು ಉತ್ತರ ಉಗಾಂಡದ್ದು. ಅಲ್ಲಿ ಸುಮಾರು 20 ವರ್ಷ ಬಂಡುಕೋರರ ಯುದ್ಧ ನಡೆದು ಜನ ಮನೆಮಠ ಬಿಟ್ಟು ಶಿಬಿರಗಳಲ್ಲಿ ಇದ್ದರು. ಯುದ್ಧ ನಿಂತ ಮೇಲೆ 120 ಹಳ್ಳಿಗಳ ತೀರಾ ಬಡವರು 1,800 ಜನಕ್ಕೆ, ಹೆಚ್ಚಿನವರು ಹೆಂಗಸರು, ಐದು ದಿನದ ತರಬೇತಿ ಮತ್ತು ತಲಾ 150 ಡಾಲರ್ ಕೊಟ್ಟರು. ಒಂದೂವರೆ ವರ್ಷದೊಳಗೆ ಅವರ ಗಳಿಕೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ನೆರವಾಗಲು ಪ್ರೋತ್ಸಾಹ ಸಿಕ್ಕಲ್ಲಿ ಇನ್ನೂ ಚೆನ್ನಾಗಿ ನಡೆಯಿತು.

ಶಿವಮೊಗ್ಗ ಉಗಾಂಡ ಅಲ್ಲ, ಆಗುವುದೂ ಬೇಡ. ಅಲ್ಲಿಯ ನೋವನ್ನೂ ಇಲ್ಲಿಯದನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಆದರೂ ಎರಡು ವಿಷಯ ನಾವು ತೆಗೆದುಕೊಳ್ಳಬಹುದು. ಬರೀ ಪಾಠದಿಂದ ಆಗುವುದಿಲ್ಲ, ಜೊತೆಗೆ ಕೈಗೆ ಸ್ವಲ್ಪ ಬಂಡವಾಳವೂ ಬೇಕು. ಮತ್ತೆ, ಪಾಠ ಅಂದರೆ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದಷ್ಟೇ ಅಲ್ಲ.

ತರಬೇತಿ ಸಂಸ್ಥೆಗಳಿಗೆ ನಮ್ಮ ರಾಜ್ಯ ಬಡವೇನಲ್ಲ. ಇಡೀ ದೇಶಕ್ಕೆ ಮಾದರಿಯಾದ ರುಡ್‌ಸೆಟ್ ಹುಟ್ಟಿದ್ದೇ 1982ರಲ್ಲಿ ಉಜಿರೆಯಲ್ಲಿ. ಅದನ್ನು ನೋಡಿಯೇ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಬಂತು. ಊಟ, ವಸತಿ ಸಮೇತ ಉಚಿತವಾಗಿ ಕಲಿಸುತ್ತಾರೆ. ಉದ್ಯಮಶೀಲತೆ ಕಲಿಸುವ ಧಾರವಾಡದ ಸಿಡಾಕ್ ಇದೆ. ಇಲ್ಲೆಲ್ಲ ಬಾಗಿಲು ತೆರೆದಿರುವುದು ಹೆಚ್ಚಾಗಿ ಹೊಸದಾಗಿ ಶುರು ಮಾಡುವವರಿಗೆ. ಸಾಲದ ಯೋಜನೆಗಳೂ ಹಾಗೇ. ಕೇಂದ್ರದ ಸಬ್ಸಿಡಿ ಸಾಲದ ಯೋಜನೆ ಪಿಎಂಇಜಿಪಿ ಮುಖ್ಯವಾಗಿ ಹೊಸ ಘಟಕಗಳಿಗೆ. ಇಪ್ಪತ್ತು ವರ್ಷ ಅಂಗಡಿ ನಡೆಸಿದವನು ಹೋಗಿ ನನಗೂ ಕಲಿಸಿ ಅಂದರೆ ಯಾವ ಬ್ಯಾಚಿಗೆ ಸೇರಿಸಬೇಕು ಅಂತ ಅಲ್ಲಿಯವರಿಗೂ ಗೊತ್ತಾಗುವುದಿಲ್ಲ. ಅದು ಅವರ ತಪ್ಪಲ್ಲ, ಅಂಥ ಬ್ಯಾಚು ಇಲ್ಲ. ಮಾಡಿಸಿ ಎಂಬುದೇ ನನ್ನ ಬೇಡಿಕೆ.

ಅದರಲ್ಲಿ ಏನು ಕಲಿಸಬೇಕು ಅಂತ ಕೇಳಿದರೆ, ನಾನು ಮೊದಲು ನಷ್ಟ ಬರೆಯುವುದನ್ನು ಕಲಿಸಿ ಅನ್ನುತ್ತೇನೆ. ಸಣ್ಣ ವ್ಯಾಪಾರಿಗೆ ಅಂಗಡಿಯಲ್ಲಿ ಎಷ್ಟು ಮಾಲಿತ್ತು ಅಂತ ಬಾಯಲ್ಲಿ ಗೊತ್ತು, ಕಾಗದದಲ್ಲಿ ಇರುವುದಿಲ್ಲ. ಬಿಲ್ಲುಗಳು ಅಂಗಡಿಯಲ್ಲೇ ಇರುತ್ತವೆ, ಅಂಗಡಿಯ ಜೊತೆ ಅವೂ ಹೋಗುತ್ತವೆ. ತಿಂಗಳಿಗೊಮ್ಮೆ ಕಪಾಟು, ಗೋಡೌನ್, ಬಿಲ್ ಪುಸ್ತಕ ಎಲ್ಲದರ ಫೋಟೊ ತೆಗೆದು ಮಗಳ ಫೋನಿಗೋ, ಬೇರೆ ಊರಿನ ಅಣ್ಣನಿಗೋ ಕಳಿಸಿಟ್ಟರೆ ಸಾಕು. ಖರ್ಚಿಲ್ಲದ ಕೆಲಸ. ಗಲಾಟೆ ಆದ ದಿನ ಗುಡಿಸುವ ಮೊದಲು ಫೋಟೊ, ಎಫ್‌ಐಆರ್ ಪ್ರತಿ, ಪಂಚನಾಮೆ, ಒಡೆದದ್ದರ ಪಟ್ಟಿ. ಇದನ್ನು ಹೇಳಿಕೊಡಲು ಅರ್ಧ ದಿನ ಸಾಕು. ಜಿಎಸ್‌ಟಿ ಕಟ್ಟುವವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಹಾಳಾದ ಮಾಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದು, ವಾಪಸ್ ಕಟ್ಟಬೇಕು. ಮಾಲೂ ಹೋಗಿ ಅದರ ತೆರಿಗೆಯೂ ಮೈಮೇಲೆ ಬರುತ್ತದೆ ಅಂತ ಎಷ್ಟೋ ಜನಕ್ಕೆ ನೋಟಿಸ್ ಬಂದಾಗಲೇ ಗೊತ್ತಾಗುವುದು.

ಆಮೇಲೆ ವಿಮೆ. ಇದರ ಬಗ್ಗೆ ನಮ್ಮ ಬಜಾರಿನಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಇನ್ನಾವುದರಲ್ಲೂ ಇಲ್ಲ. ಗಲಾಟೆಗೆ ಇನ್ಶೂರೆನ್ಸ್ ಬರಲ್ಲ ಅಂತ ಬಹಳ ಜನ ನಂಬಿದ್ದಾರೆ. 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ, ಮಾಲು ಇರುವವರಿಗೆ. ಬೆಂಕಿಯ ಜೊತೆಗೆ ಗಲಭೆ, ಮುಷ್ಕರ, ಬೇಕೆಂದೇ ಮಾಡಿದ ಹಾನಿ ಕೂಡ ಅದರಲ್ಲಿ ಸೇರಿದೆ. ಅಂಥ ಘಟನೆಯಾದ 7 ದಿನದೊಳಗೆ ಅದರಿಂದಾಗಿಯೇ ಕಳ್ಳತನ ಆದರೂ ಸೇರುತ್ತದೆ. ಆದರೆ ಅಂಗಡಿ ಮುಚ್ಚಿದ್ದರಿಂದ ಹೋದ ವ್ಯಾಪಾರಕ್ಕೆ ಅದು ಏನೂ ಕೊಡುವುದಿಲ್ಲ. ಇದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಬ್ಯಾಂಕ್ ಸಾಲ ಇದ್ದವರಿಗೆ ಬ್ಯಾಂಕೇ ವಿಮೆ ಮಾಡಿಸಿರುತ್ತದೆ, ಕಂತಿನ ಜೊತೆ ಪ್ರೀಮಿಯಂ ಕಡಿತವಾಗುತ್ತದೆ, ಪಾಲಿಸಿಯನ್ನು ಅವರು ಕಣ್ಣಲ್ಲೂ ನೋಡಿರುವುದಿಲ್ಲ. ಹತ್ತು ಲಕ್ಷದ ಮಾಲಿಗೆ ನಾಲ್ಕು ಲಕ್ಷಕ್ಕೆ ವಿಮೆ ಇದ್ದರೆ, ನಷ್ಟ ಆದಾಗ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಶೇ. 15ರವರೆಗಿನ ಕೊರತೆಗೆ ಮಾತ್ರ ಈ ಪಾಲಿಸಿಯಲ್ಲಿ ವಿನಾಯಿತಿ ಇದೆ. ಆಟೊ, ಗೂಡ್ಸ್ ಗಾಡಿ ಇಟ್ಟವರಿಗೂ ಒಂದು ಮಾತು: ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಸುಟ್ಟ ಗಾಡಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಮೂರನೆಯದು ಸಾಲ. ಗಲಾಟೆ ಮುಗಿದ ವಾರ ಬಜಾರಿನಲ್ಲಿ ಎಲ್ಲರಿಗಿಂತ ಮೊದಲು ಬರುವವರು ಮೀಟರ್ ಬಡ್ಡಿಯವರು. ಬೆಳಿಗ್ಗೆ ದುಡ್ಡು ಕೈಗಿಡುತ್ತಾರೆ, ಕಾಗದ ಕೇಳುವುದಿಲ್ಲ. ಆ ಹೊತ್ತಿಗೆ ಅದೇ ದೊಡ್ಡ ಉಪಕಾರ ಅನ್ನಿಸುತ್ತದೆ. ಆರು ತಿಂಗಳಲ್ಲಿ ಗಲಾಟೆ ಮಾಡದ ನಷ್ಟವನ್ನು ಆ ಬಡ್ಡಿ ಮಾಡುತ್ತದೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಅದರಲ್ಲಿತ್ತು. ಒಳ್ಳೆಯದೇ. ಆದರೆ ಕಾನೂನು ಬರುವುದು ಕಿರುಕುಳ ಆದ ಮೇಲೆ. ಅದಕ್ಕೂ ಮೊದಲು, ಆ ವಾರವೇ, ಸರಿಯಾದ ಬಡ್ಡಿಯ ಸಣ್ಣ ಸಾಲ ಕೈಗೆ ಸಿಗಬೇಕು. ಮುದ್ರಾ ಯೋಜನೆಯ ಶಿಶು ಸಾಲ 50 ಸಾವಿರದವರೆಗೆ ಇದೆ. ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಇದೆ. 2020ರಲ್ಲಿ 10 ಸಾವಿರದಿಂದ ಶುರುವಾದ ಮೊದಲ ಸಾಲ 2025ರ ಬದಲಾವಣೆಯಲ್ಲಿ 15 ಸಾವಿರವಾಗಿದೆ, ಆಮೇಲೆ 25 ಸಾವಿರ, 50 ಸಾವಿರ. ಹಣ ಇದೆ. ಆ ಹಣ ಬೇಕಾದ ವಾರದಲ್ಲಿ ಬರುವುದಿಲ್ಲ ಎಂಬುದೇ ತೊಂದರೆ.

ಇಲ್ಲಿಗೆ ನೀವೇ ಮಾಡಬೇಕಾದ ಕೆಲಸ ಬಂತು. 2018ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನೈಸರ್ಗಿಕ ವಿಕೋಪದ ಸಮಯದಲ್ಲಿ ಬ್ಯಾಂಕುಗಳು ಕೊಡಬೇಕಾದ ಪರಿಹಾರದ ಬಗ್ಗೆ ಒಂದು ನಿರ್ದೇಶನ ಹೊರಡಿಸಿತು. ನೆರೆ, ಬರ ಬಂದಾಗ ಅದನ್ನು ಎಲ್ಲರೂ ನೆನಪಿಸಿಕೊಳ್ಳುತ್ತಿದ್ದರು. ಅದರಲ್ಲಿ ಗಲಭೆ, ಅಶಾಂತಿಯ ಬಗ್ಗೆಯೂ ಒಂದು ಭಾಗ ಇತ್ತು. ಗಲಭೆಯಾದಾಗ ಜಿಲ್ಲಾಧಿಕಾರಿಯವರು ಲೀಡ್ ಬ್ಯಾಂಕ್ ಅಧಿಕಾರಿಗೆ ಹೇಳಿ, ಬ್ಯಾಂಕಿನವರೂ ಆಡಳಿತದವರೂ ಒಟ್ಟಿಗೆ ಕೂರುವ ಜಿಲ್ಲಾ ಸಲಹಾ ಸಮಿತಿಯ ಸಭೆ ಕರೆಸಬಹುದು, ಜೀವ, ಆಸ್ತಿ ನಷ್ಟದ ವರದಿಯನ್ನು ಸಮಿತಿಗೆ ಕೊಡಬಹುದು, ನಷ್ಟ ವ್ಯಾಪಕ ಅಂತ ಸಮಿತಿಗೆ ಮನವರಿಕೆಯಾದರೆ ಪರಿಹಾರ ವಿಸ್ತರಿಸಬಹುದು ಅಂತ ಅಲ್ಲಿ ಹೇಳಿತ್ತು. ನಿಜವಾಗಿ ನೊಂದವರು ಯಾರು ಎಂಬುದನ್ನು ಗುರುತಿಸುವ ಹೊಣೆ ಆಡಳಿತದ್ದು. ಪರಿಹಾರ ಅಂದರೆ ಹಳೆ ಸಾಲದ ಕಂತು ಮುಂದೂಡುವುದು, ಹೊಸ ಸಾಲ ಕೊಡುವುದು ಇಂಥವು.

ವ್ಯಾಪಕ ನಷ್ಟ ಅನ್ನುವ ಮಾತೇ ನಮಗೆ ಅಡ್ಡ ಬರುತ್ತದೆ, ನನಗೆ ಗೊತ್ತು. ನಮ್ಮೂರ ಗಲಾಟೆಗಳಲ್ಲಿ ಸುಟ್ಟದ್ದು ಕಡಿಮೆ, ಮುಚ್ಚಿದ್ದು ಜಾಸ್ತಿ. ಆದರೂ ಸಭೆ ಕರೆಯಲು ಯಾರ ಅಡ್ಡಿಯೂ ಇಲ್ಲ. ಮುಚ್ಚಿದ ದಿನಗಳ ನಷ್ಟವನ್ನೂ ವರದಿಯಲ್ಲಿ ಬರೆಯಿರಿ. ಇವತ್ತು ಅದನ್ನು ತೋರಿಸುವುದು ಕಷ್ಟವೂ ಅಲ್ಲ. ತಳ್ಳುಗಾಡಿಯವರ ಹತ್ತಿರವೂ ಕ್ಯೂಆರ್ ಕೋಡ್ ಇದೆ. ಗಲಾಟೆಯ ಹಿಂದಿನ ತಿಂಗಳು ಎಷ್ಟು ಬಂತು, ಆ ತಿಂಗಳು ಎಷ್ಟು ಬಂತು, ಬ್ಯಾಂಕ್ ಸ್ಟೇಟ್‌ಮೆಂಟೇ ಹೇಳುತ್ತದೆ. 2025ರ ಜುಲೈನಲ್ಲಿ ಇದೇ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದವು, ಹೆದರಿದವರು ನಗದು ಮಾತ್ರ ಅಂತ ಬೋರ್ಡ್ ಹಾಕಿದರು. ತೆರಿಗೆ ಕೇಳಲು ನಂಬಿದ ಲೆಕ್ಕವನ್ನು ನಷ್ಟ ಅಳೆಯಲೂ ನಂಬಬೇಕು. ಹಾಗೆ ಮಾಡಿದರೆ ವ್ಯಾಪಾರಿಗೂ ಲೆಕ್ಕ ಸರಿಯಾಗಿ ಇಡಬೇಕು ಅನ್ನಿಸುತ್ತದೆ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಪಾಲಿಕೆಗೆ ಒಂದು ಮನವಿ. ನಿಷೇಧಾಜ್ಞೆ ತೆರವಾದ ಮೇಲೂ ಭದ್ರತೆಯ ಹೆಸರಲ್ಲಿ ತಳ್ಳುಗಾಡಿಗಳನ್ನು ವಾರಗಟ್ಟಲೆ ಹೊರಗಿಡುವುದುಂಟು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಬೀದಿ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು. ಅವರನ್ನು ಕೂರಿಸಿ ಮಾತಾಡಿ. ಯಾವ ಬೀದಿ ಯಾವಾಗ ತೆರೆಯುತ್ತದೆ ಅಂತ ಹಿಂದಿನ ಸಂಜೆಯೇ ಹೇಳಿದರೆ ಹಣ್ಣಿನವರು ಮಂಡಿಯಲ್ಲಿ ಎಷ್ಟು ಎತ್ತಬೇಕು ಅಂತ ಲೆಕ್ಕ ಹಾಕಿಕೊಳ್ಳುತ್ತಾರೆ.

ಈಗ ಒಂದೇ ಕೋಣೆಯ ಮಾತು. ಇದನ್ನು ಬಿಟ್ಟುಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಗಲಾಟೆಯ ನಂತರ ವಾಟ್ಸಾಪಿನಲ್ಲಿ ಅವರ ಅಂಗಡಿಗೆ ಹೋಗಬೇಡಿ ಎಂಬ ಮೆಸೇಜು ಓಡಾಡುತ್ತದೆ, ಎರಡೂ ಕಡೆ. ಅದನ್ನು ಕಳಿಸುವವರಲ್ಲಿ ವ್ಯಾಪಾರ ಮಾಡುವವರು ಕಡಿಮೆ. ವ್ಯಾಪಾರಿಗೆ ಗೊತ್ತು, ಆ ಅಂಗಡಿ ಮುಚ್ಚಿದರೆ ತನ್ನ ಬಾಕಿ ಮುಳುಗುತ್ತದೆ ಅಂತ. ಆದರೆ ಅವನು ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಿದರೆ ತನ್ನವರೇ ತಿರುಗಿ ಬೀಳುತ್ತಾರೆ ಎಂಬ ಅಂಜಿಕೆ. ಜಿಲ್ಲಾಡಳಿತ ಕರೆದ ಸಭೆ ಅಂದರೆ ಆ ಅಂಜಿಕೆ ಇರುವುದಿಲ್ಲ. ಡಿ.ಸಿ. ಕರೆದರು, ಹೋದೆ ಅನ್ನಬಹುದು. ಅಲ್ಲಿ ಪಕ್ಕದಲ್ಲಿ ಕೂತವನು ತನ್ನ ಹಳೆಯ ಟೈಲರೇ ಆಗಿರುತ್ತಾನೆ. ವಿಮೆಯ ಪಾಠ ಮುಗಿದು ಟೀ ಕುಡಿಯುವಾಗ ನನ್ನ ಬಾಕಿ ಯಾವಾಗ ಕೊಡ್ತೀರಿ ಅಂತ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಮುಂದಿನ ವಾರ ಅನ್ನುತ್ತಾನೆ. ಕಳಚಿದ ಕೊಂಡಿ ಸೇರುವುದು ಅಲ್ಲಿ. ಬೇರೆ ಬೇರೆ ಸಮುದಾಯ ಭವನಗಳಲ್ಲಿ ಬೇರೆ ಬೇರೆ ತರಬೇತಿ ಮಾಡಿದರೆ ಪಾಠ ಎಲ್ಲರಿಗೂ ಬಂದೀತು, ಉದ್ರಿ ವಾಪಸ್ ಬರುವುದಿಲ್ಲ.

ಕಲಿಸುವವರು ಯಾರು ಅಂದರೆ, ಬೆಂಗಳೂರಿನಿಂದ ಕರೆಸುವುದು ಬೇಡ. ಹಿಂದಿನ ಗಲಾಟೆಗಳಲ್ಲಿ ನಷ್ಟವಾಗಿ ಮತ್ತೆ ನಿಂತ ವ್ಯಾಪಾರಿಗಳು ಇಲ್ಲೇ ಇದ್ದಾರೆ. ಅವರ ಮಾತನ್ನು ಜನ ಕೇಳುತ್ತಾರೆ. ಜೊತೆಗೆ ಒಬ್ಬ ವಿಮೆಯವರು, ಒಬ್ಬ ಬ್ಯಾಂಕಿನವರು, ಲೆಕ್ಕ ನೋಡುವ ನಮ್ಮಂಥವರು. ನಾವು ಸಂಭಾವನೆ ಇಲ್ಲದೆ ಬರುತ್ತೇವೆ. ಸಮಯ ರಾತ್ರಿ ಎಂಟರ ಮೇಲೆ ಇಡಿ, ಶಟರ್ ಎಳೆದ ಮೇಲೆ. ಹಗಲು ಇಟ್ಟರೆ ಯಾರೂ ಬರುವುದಿಲ್ಲ. ಮನೆಯಲ್ಲೇ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಮಾತ್ರ ಮಧ್ಯಾಹ್ನ, ಅವರ ಬಡಾವಣೆಯಲ್ಲೇ, ಸಂಘಗಳ ಮೂಲಕ.

ಇದಕ್ಕೆಲ್ಲ ಇನ್ನೊಂದು ಗಲಾಟೆ ಆಗುವವರೆಗೆ ಕಾಯಬೇಕಿಲ್ಲ. ದಾಸ್ತಾನಿನ ಫೋಟೊ, ವಿಮೆ, ಕೊಡುವವರ ಪಟ್ಟಿ, ಗಿರಾಕಿಗಳ ನಂಬರು ಇವೆಲ್ಲ ಊರು ತಣ್ಣಗಿರುವಾಗಲೇ ಮಾಡಿಡಬೇಕಾದ ಕೆಲಸ. ಮಳೆಗಾಲದಲ್ಲಿ ತುಂಗೆ ಉಕ್ಕಿ ತಗ್ಗಿನ ಅಂಗಡಿಗಳಿಗೆ ನೀರು ನುಗ್ಗಿದರೂ ಇದೇ ಸಿದ್ಧತೆ ಉಪಯೋಗಕ್ಕೆ ಬರುತ್ತದೆ.

ಜಿಲ್ಲಾ ಸಲಹಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಿ ಎಂದು ಕೇಳಿಕೊಳ್ಳುತ್ತೇನೆ. ಗಲಾಟೆಯಾದ ವಾರದೊಳಗೆ ನಷ್ಟದ ಪಟ್ಟಿ ಮಾಡುವ ಅಧಿಕಾರಿ ಯಾರು ಅಂತ ಹೆಸರಿಸಿ, ಆ ಪಟ್ಟಿಯಲ್ಲಿ ಮನೆಯಲ್ಲೇ ಕೆಲಸ ಮಾಡುವ ಟೈಲರ್‌ಗಳು, ತಳ್ಳುಗಾಡಿಯವರು ಸೇರಲಿ. ಮತ್ತೆ ಶುರು ಮಾಡುವವರ ಮೊದಲ ಬ್ಯಾಚನ್ನು ಗಣಪತಿ ಹಬ್ಬ ಮತ್ತು ಈದ್ ಮಿಲಾದ್ ಮೆರವಣಿಗೆಗಳಿಗೆ ಮೊದಲೇ ನಡೆಸಿ. ಗಾಂಧಿ ಬಜಾರಿನಿಂದ ವ್ಯಾಪಾರಿಗಳನ್ನು ಕರೆತರುವ ಹೊಣೆ ನನಗಿರಲಿ, ದಿನ ಮತ್ತು ಜಾಗ ನೀವು ಹೇಳಿ.

ಇಂತಿ,
ಗಾಂಧಿ ಬಜಾರಿನಲ್ಲಿ ಲೆಕ್ಕ ಬರೆಯುವವನು
ಶಿವಮೊಗ್ಗ